ಗಾಳಿ ಹೆಚ್ಚಾದ ಎಂಜಿನು ಮತ್ತು ಹುಡುಕುವ ಕೂಲಿ

(ಸಂಘದ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ)



ಭಾಷಣ ಮಾಡುವುದು ನಮ್ಮ ಕಸುಬಲ್ಲ. ಪಾನಾ ಹಿಡಿದು ರೂಢಿಯಾದ ಕೈಗೆ ಈ ಧ್ವನಿವರ್ಧಕ ಹಿಡಿದು ನಿಲ್ಲುವುದು ಸಂಕೋಚದ ಕೆಲಸ. ಆದರೆ ಕಾರ್ಯದರ್ಶಿಗಳು ಬಿಡಲಿಲ್ಲ. ಸಂಘದಲ್ಲಿ ಗ್ಯಾರೇಜಿನ ಹುಡುಗರಿದ್ದಾರೆ, ರಿಕ್ಷಾ ಮತ್ತು ಟ್ಯಾಕ್ಸಿ ಓಡಿಸುವವರಿದ್ದಾರೆ, ಅವರಿಗೆ ಉಪಯೋಗಕ್ಕೆ ಬರುವಂಥ ಒಂದು ವಿಷಯ ಹೇಳಬೇಕೆಂದು ಹಟ ಹಿಡಿದರು. ಆದ್ದರಿಂದ ನಮಗೆ ಗೊತ್ತಿರುವ ಒಂದೇ ಒಂದು ವಿಷಯವನ್ನು ಎತ್ತಿಕೊಂಡಿದ್ದೇವೆ. ಗ್ಯಾರೇಜಿನ ಮಾತಿನಲ್ಲಿ ನಾವು 'ಲೀನ್' ಎನ್ನುತ್ತೇವಲ್ಲ, ಅದು. ಪೆಟ್ರೋಲು ಕಡಿಮೆಯಾಗಿ ಗಾಳಿ ಹೆಚ್ಚಾಗಿ ಓಡುವ ಎಂಜಿನಿನ ದೋಷವನ್ನು ಹುಡುಕುವ ಬಗೆ. ಅದರ ಜೊತೆಗೆ, ಆ ಹುಡುಕುವ ಕೆಲಸಕ್ಕೆ ಕೂಲಿ ಕೊಡುವವರು ಯಾರು ಎಂಬ ಪ್ರಶ್ನೆಯೂ ಇದೆ. ಎರಡೂ ಒಂದೇ ಮಾತು ಎಂಬುದು ಮುಂದೆ ತಮಗೇ ತಿಳಿಯುತ್ತದೆ.

ಈ ಮಳೆಗಾಲದಲ್ಲಿ ನಮ್ಮಲ್ಲಿಗೆ ಒಂದು ಟ್ಯಾಕ್ಸಿ ಬಂತು. ಡ್ರೈವರು ಸಿಂದಗಿ ಕಡೆಯವರು, ಸಾಲ ಮಾಡಿ ಕೊಂಡ ಗಾಡಿ. ಇಳಿದವರೇ ಅಂದದ್ದು ಇಷ್ಟು: "ಮಿಸ್ತ್ರಿ, ಗಾಡಿ ಕಾತ್ರಜ್ ಘಾಟ್ ಏರವಲ್ದು ನೋಡ್ರಿ. ಸಿಗ್ನಲ್ಲಿಗೆ ನಿಂತ್ರ ನಡಗತೈತಿ. ಎಂಜಿನ್ ಲೈಟಂತೂ ಆರೂದ ಇಲ್ಲ. ಸೆನ್ಸಾರ್ ಹಾಕಿಸೀನ್ರೀ, ದುಡ್ಡೂ ಹೋತು, ಲೈಟೂ ಹೋಗ್ಲಿಲ್ಲ."

ಎಲ್ಲಿ ಹಾಕಿಸಿದರೆಂದು ಕೇಳಿದೆವು. ಆ ಗ್ಯಾರೇಜಿನ ಹೆಸರು ಇಲ್ಲಿ ಬೇಡ. ಅಲ್ಲಿ ಯಂತ್ರ ಹಚ್ಚಿ ನೋಡಿದ್ದಾರೆ, 'ಪಿ 0171' ಎಂಬ ಸಂಖ್ಯೆ ಬಂದಿದೆ. ಅದರ ಅರ್ಥ 'ಮಿಶ್ರಣ ಲೀನ್ ಆಗಿದೆ' ಎಂದು. ಅದನ್ನು ನೋಡಿ ಸೈಲೆನ್ಸರಿನ ಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸಾರನ್ನು ಬದಲಾಯಿಸಿದ್ದಾರೆ. ನಾಲ್ಕು ದಿನಕ್ಕೆ ಲೈಟು ಮತ್ತೆ ಹತ್ತಿದೆ. ಇನ್ನು ಇಂಜೆಕ್ಟರುಗಳೆಲ್ಲ ಹೊಸವು ಬೇಕು ಎಂದಿದ್ದಾರೆ. ಗೋಳು ಅಷ್ಟಕ್ಕೇ ಮುಗಿಯಲಿಲ್ಲ. ಆ ಸೆನ್ಸಾರು ಬಿಚ್ಚಿ ಹಾಕಿದ ಹುಡುಗ ನಮ್ಮ ಕಡೆಯವನೇ. ಗಿರಾಕಿ ಜಗಳಕ್ಕೆ ನಿಂತಾಗ ಮಾಲಕರು ಆ ಸಾಮಾನಿನ ಅರ್ಧ ಬೆಲೆಯನ್ನು ಹುಡುಗನ ಸಂಬಳದಲ್ಲಿ ಹಿಡಿದರಂತೆ. ಹಾಕು ಎಂದವರು ಅವರು, ಹಾಕಿದವನು ಇವನು, ತೆತ್ತವನೂ ಇವನೇ.

ಈಗ ವಿಷಯಕ್ಕೆ ಬರುತ್ತೇವೆ.

ಪೆಟ್ರೋಲು ಪೂರ್ತಿ ಉರಿಯಬೇಕಾದರೆ 1 ಕಿಲೋ ಪೆಟ್ರೋಲಿಗೆ ಸುಮಾರು 14.7 ಕಿಲೋ ಗಾಳಿ ಬೇಕು. ಘಾಟಿನಲ್ಲಿ ಪೂರ್ಣ ಶಕ್ತಿ ಬೇಕೆಂದಾಗ 12.5ರ ಸುಮಾರಿಗೆ ಇಳಿಯಬೇಕು; ಸಪಾಟು ರಸ್ತೆಯಲ್ಲಿ ಉಳಿತಾಯಕ್ಕೆ 15.5, 16ರವರೆಗೆ ಏರಿಸಬಹುದು. ಅದಕ್ಕೂ ಮೇಲೆ ಗಾಳಿ ಹೆಚ್ಚಿದಂತೆ ಉರಿ ನಿಧಾನವಾಗುತ್ತದೆ, ಕೊನೆಗೆ ಕಿಡಿ ಹತ್ತುವುದೇ ತಪ್ಪಿ ಎಂಜಿನು ಮಿಸ್ ಹೊಡೆಯುತ್ತದೆ. ನಿಧಾನ ಉರಿಯುವುದೇ ಎಲ್ಲ ಕೇಡಿಗೂ ಮೂಲ. ನಿಷ್ಕಾಸದ ವಾಲ್ವು ತೆರೆಯುವ ಹೊತ್ತಿಗೂ ಜ್ವಾಲೆ ಆರಿರುವುದಿಲ್ಲ, ವಾಲ್ವಿನ ಅಂಚನ್ನು ನೆಕ್ಕುತ್ತದೆ. ಇನ್ನೂ ತಡವಾದರೆ ಒಳಗೆ ಬರುವ ವಾಲ್ವು ತೆರೆದಾಗಲೂ ಬೆಂಕಿ ಉಳಿದಿದ್ದು, ಬರುತ್ತಿರುವ ಹೊಸ ಮಿಶ್ರಣಕ್ಕೆ ಹತ್ತಿಕೊಂಡು ಕಾರ್ಬುರೇಟರಿನ ಬಾಯಿಂದ 'ಫಟ್' ಎಂದು ಕೆಮ್ಮುತ್ತದೆ. ಹಳೆಯ ಮಿಸ್ತ್ರಿಗಳು ಈ ಕೆಮ್ಮು ಕೇಳಿಯೇ ರೋಗ ಹೇಳುತ್ತಿದ್ದರು.

ಇಲ್ಲಿ ಹೇಳುವುದೆಲ್ಲ ಪೆಟ್ರೋಲಿನ ಎಂಜಿನಿಗೆ ಮಾತ್ರ. ಡೀಸೆಲಿನದು ಬೇರೆ ಧರ್ಮ. ಅದು ಹುಟ್ಟಿನಿಂದಲೇ ಹೆಚ್ಚು ಗಾಳಿಯಲ್ಲಿ ಓಡುವಂಥದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾಯರಿಂದ ಮೊದಲಾದ ಕಿರ್ಲೋಸ್ಕರ ಮನೆತನ 1946ರಲ್ಲಿ ಇಲ್ಲೇ ಖಡಕಿಯಲ್ಲಿ ಆಯಿಲ್ ಎಂಜಿನಿನ ಕಾರಖಾನೆ ತೆಗೆಯಿತು. ಅಂಥ ಡೀಸೆಲ್ ಎಂಜಿನು ಕಟ್ಟುವ ಬಂಧುಗಳು ಇಲ್ಲಿದ್ದರೆ ನಮ್ಮ ಮಾತು ಕೇಳಿ ನಗಬಾರದು.

ಕಾರ್ಬುರೇಟರಿನ ಕಾಲದಲ್ಲಿ ಲೀನ್ ಹುಡುಕುವುದು ಕಣ್ಣು, ಕಿವಿ, ಕೈಗಳ ಕೆಲಸವಾಗಿತ್ತು. ಪ್ರೀಮಿಯರ್ ಪದ್ಮಿನಿ, ಅಂಬಾಸಡರು, ಮೊದಲ ಮಾರುತಿ 800, ಇವೆಲ್ಲ ಆ ಜಾತಿಯವು. ಇಂದಿಗೂ ಶೋಕಿಗೆ ಇಟ್ಟುಕೊಂಡವರ ಮನೆಯಲ್ಲಿ ಇವೆ. ಎಂಜಿನು ಬಿಸಿಯಾದ ಮೇಲೆ ಚೋಕನ್ನು ಅರ್ಧ ಎಳೆಯಿರಿ. ಓಟ ಸುಧಾರಿಸಿತೋ, ಲೀನ್ ಇದ್ದದ್ದು ನಿಜ. ಹೊಗೆಯುಗುಳಿ ಉಸಿರು ಕಟ್ಟಿತೋ, ಬೇರೆ ಕಡೆ ನೋಡಿರಿ. ಪ್ಲಗ್ಗು ಬಿಚ್ಚಿದರೆ ಬಿಸ್ಕೀಟಿನ ಬಣ್ಣ ಇರಬೇಕು. ಕಾಡಿಗೆಯಂತಿದ್ದರೆ ಪೆಟ್ರೋಲು ಹೆಚ್ಚು, ಸುಣ್ಣ ಬಳಿದಂತೆ ಬೆಳ್ಳಗಿದ್ದರೆ ಗಾಳಿ ಹೆಚ್ಚು. ಆದರೆ ಬಹಳ ಮಂದಿ ಮಾಡುವ ತಪ್ಪೆಂದರೆ, ಗಾಡಿಯನ್ನು ಗ್ಯಾರೇಜಿನಲ್ಲಿ ಹತ್ತು ನಿಮಿಷ ನಿಂತಲ್ಲೇ ಓಡಿಸಿ ಪ್ಲಗ್ಗು ನೋಡುವುದು. ಆ ಬಣ್ಣ ನಿಂತ ಗಾಡಿಯ ಬಣ್ಣ. ಘಾಟಿನ ರೋಗ ಬೇಕಾದರೆ ಘಾಟು ಹತ್ತಿಸಿ, ಅಲ್ಲೇ ಬದಿಗೆ ನಿಲ್ಲಿಸಿ, ಎಂಜಿನು ಆರಿಸಿ ಪ್ಲಗ್ಗು ತೆಗೆಯಬೇಕು. ಈಗಿನ ಇಂಜೆಕ್ಷನ್ ಗಾಡಿಗಳಲ್ಲಿ ಈ ಬಣ್ಣವನ್ನು ಮೊದಲಿನಷ್ಟು ನಂಬುವ ಹಾಗೂ ಇಲ್ಲ.

ನಮ್ಮ ಊರಿನ ಎತ್ತರದ ಮಾತೂ ಒಂದಿದೆ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರು ಮೇಲಿದೆ. ಇಲ್ಲಿನ ತೆಳು ಗಾಳಿಗೆ ಸರಿಯಾಗಿ, ಅದೂ ಅಂಚಿಗೆ ಬಿಗಿದು ಟ್ಯೂನ್ ಮಾಡಿದ ಕಾರ್ಬುರೇಟರು ಮುಂಬಯಿಗೆ ಇಳಿದಾಗ ಅಲ್ಲಿನ ದಪ್ಪ ಗಾಳಿಗೆ ನೂರಕ್ಕೆ ಮೂರರಷ್ಟು ಲೀನ್ ಆಗುತ್ತದೆ. ಮೂರು ಏನು ಮಹಾ ಎನ್ನಬಹುದು. ಅಂಚಿನಲ್ಲಿ ನಿಂತವನನ್ನು ಬೀಳಿಸಲು ಕಿರುಬೆರಳು ಸಾಕು. ಪುಣೆಯಿಂದ ದಾದರಿಗೆ ಓಡುತ್ತಿದ್ದ ಪದ್ಮಿನಿ ಟ್ಯಾಕ್ಸಿಗಳು ಇಲ್ಲಿ ನೆಟ್ಟಗಿದ್ದು ಅಲ್ಲಿ ಕೆಮ್ಮುತ್ತಿದ್ದುದಕ್ಕೆ ಇದೂ ಒಂದು ಕಾರಣ.

ಆ ಟ್ಯಾಕ್ಸಿಗಳ ಮಾತು ಬಂದುದರಿಂದ ನಮ್ಮ ಕೈಯಿಂದಲೇ ಆದ ಒಂದು ತಪ್ಪನ್ನು ಸಭೆಯ ಮುಂದೆ ಒಪ್ಪಿಕೊಳ್ಳಬೇಕು. ನಾವು ಆಗ ಇನ್ನೂ ಹೆಲ್ಪರಿನಿಂದ ಮಿಸ್ತ್ರಿಯಾಗಿದ್ದ ಹೊಸತು. ಒಬ್ಬ ಟ್ಯಾಕ್ಸಿ ಮಾಲಕರು ಮೈಲೇಜು ಮೈಲೇಜು ಎಂದು ಬೆನ್ನು ಹತ್ತಿದರು. ಮಾಲಕರು ಹೇಳಿದರಲ್ಲ ಎಂದು ಕಾರ್ಬುರೇಟರಿನ ಮೇನ್ ಜೆಟ್ಟು ತೆಗೆದು ಸಣ್ಣ ರಂಧ್ರದ್ದನ್ನು ಹಾಕಿಕೊಟ್ಟೆವು. ಒಂದು ತಿಂಗಳು ಅವರಿಗೆ ಸಂತೋಷವೋ ಸಂತೋಷ. ಮಳೆಗಾಲ ಮುಗಿಯುವಷ್ಟರಲ್ಲಿ ಖಂಡಾಳೆಯ ಏರಿನಲ್ಲಿ ಗಾಡಿ ನಿಂತಿತು. ಹೆಡ್ಡು ಬಿಚ್ಚಿದರೆ ಮೂರನೇ ಸಿಲಿಂಡರಿನ ನಿಷ್ಕಾಸದ ವಾಲ್ವು ಅಂಚಿನಲ್ಲಿ ಇಲಿ ಕಡಿದ ರೊಟ್ಟಿಯಂತೆ ಸುಟ್ಟುಹೋಗಿತ್ತು. ಮಾಲಕರಿಗೆ ನಷ್ಟವಾಯಿತು, ನಿಜ. ಆದರೆ ಆ ಹನ್ನೆರಡು ದಿನ ಡ್ರೈವರನಿಗೆ ದಿನದ ಬತ್ತೆ ಇಲ್ಲ. ಅವನು ಎರಡು ಸಲ ಬಂದು ಗ್ಯಾರೇಜಿನ ಬಾಗಿಲಲ್ಲಿ ಸುಮ್ಮನೆ ಕುಳಿತು ಹೋದ. ಬೈದಿದ್ದರೆ ಚೆನ್ನಾಗಿತ್ತು. ಮೈಲೇಜಿಗಾಗಿ ಜೆಟ್ಟು ಸಣ್ಣದು ಮಾಡುವ ಕೆಲಸವನ್ನು ನಾವು ಆಮೇಲೆ ಯಾರು ಹೇಳಿದರೂ ಮಾಡಲಿಲ್ಲ.

ಇದರ ತಮ್ಮನೊಬ್ಬನಿದ್ದಾನೆ: ಹೊಗೆ ತಪಾಸಣೆಯ ಮುಂಚೆ ಸ್ಲೋ ಸ್ಕ್ರೂ ಬಿಗಿದು ಮಿಶ್ರಣ ತೆಳುಮಾಡುವುದು. ಸರ್ಟಿಫಿಕೇಟು ಸಿಗುತ್ತದೆ, ಗಾಡಿ ಸ್ವಾರಗೇಟಿನ ಸಿಗ್ನಲ್ಲಿನಲ್ಲಿ ಬಂದ್ ಬೀಳುತ್ತದೆ. ಟೂ ಸ್ಟ್ರೋಕ್ ರಿಕ್ಷಾ, ಸ್ಕೂಟರುಗಳಲ್ಲಂತೂ ಲೀನ್ ಎಂದರೆ ಇನ್ನೂ ಅಪಾಯ, ಯಾಕೆಂದರೆ ಅವುಗಳಲ್ಲಿ ಪಿಸ್ಟನ್ನಿಗೆ ಬೇಕಾದ ಎಣ್ಣೆಯೂ ಪೆಟ್ರೋಲಿನ ಜೊತೆಗೇ ಬರುತ್ತದೆ. ಜೆಟ್ಟಿನಲ್ಲಿ ಕಸ ಸಿಕ್ಕಿ ಪೆಟ್ರೋಲು ಅರ್ಧವಾದರೆ ಎಣ್ಣೆಯೂ ಅರ್ಧ. ಬಿಸಿ ಹೆಚ್ಚು, ಎಣ್ಣೆ ಕಡಿಮೆ, ಪಿಸ್ಟನ್ ಜಾಮ್. ಹಳೆಯ ರಿಕ್ಷಾದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

2000ದ ಸುಮಾರಿನಿಂದ ಕಾರುಗಳಲ್ಲಿ ಕಾರ್ಬುರೇಟರು ಹೋಗಿ ಇಂಜೆಕ್ಷನ್ ಬಂತು, ಅದರ ಜೊತೆಗೆ ಈ ಆಕ್ಸಿಜನ್ ಸೆನ್ಸಾರೂ ಬಂತು. ಅದನ್ನು ಜರ್ಮನಿಯ ಬಾಷ್ ಕಂಪನಿ 1976ರಲ್ಲಿ ಮೊದಲು ವೋಲ್ವೋ ಕಾರುಗಳಿಗೆ ಕೊಟ್ಟಿತು. ಅದರ ಕೆಲಸ ಬಲು ಸರಳ. ನಿಷ್ಕಾಸದ ಹೊಗೆಯಲ್ಲಿ ಆಕ್ಸಿಜನ್ ಉಳಿದಿದ್ದರೆ 0.1 ವೋಲ್ಟಿನ ಹತ್ತಿರ ತೋರಿಸುತ್ತದೆ, ಉಳಿದಿಲ್ಲದಿದ್ದರೆ 0.9ರ ಹತ್ತಿರ. ಕಂಪ್ಯೂಟರು ಅದನ್ನು ನೋಡಿ ಪೆಟ್ರೋಲು ಹೆಚ್ಚು ಕಡಿಮೆ ಮಾಡುತ್ತಿರುತ್ತದೆ.

ಬಂಧುಗಳೇ, ದಯಮಾಡಿ ಈ ಒಂದು ಮಾತನ್ನು ಗಟ್ಟಿಯಾಗಿ ಹಿಡಿಯಬೇಕು. ಆ ಸೆನ್ಸಾರಿಗೆ ಪೆಟ್ರೋಲಿನ ವಾಸನೆಯೇ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಆಕ್ಸಿಜನ್ ಒಂದೇ. ಪ್ಲಗ್ಗು ಕೆಟ್ಟು ಒಂದು ಸಿಲಿಂಡರು ಮಿಸ್ ಹೊಡೆದರೆ ಆ ಸಿಲಿಂಡರಿನ ಗಾಳಿ ಉರಿಯದೆ ಹೊರಗೆ ಬರುತ್ತದೆ. ಪೆಟ್ರೋಲೂ ಉರಿಯದೆ ಬಂದಿರುತ್ತದೆ, ಆದರೂ ಸೆನ್ಸಾರು 'ಲೀನ್' ಎಂದೇ ಹೇಳುತ್ತದೆ. ಅದರ ಮುಂಚಿನ ನಿಷ್ಕಾಸದ ಗ್ಯಾಸ್ಕೆಟ್ಟು ಒಡೆದು ಹೊರಗಿನ ಗಾಳಿ ಒಳಗೆ ಸೇರಿದರೂ 'ಲೀನ್' ಎನ್ನುತ್ತದೆ. ಅದು ಸುಳ್ಳು ಹೇಳುವ ಸಾಕ್ಷಿಯಲ್ಲ, ಕಂಡದ್ದನ್ನಷ್ಟೇ ಹೇಳುವ ಸಾಕ್ಷಿ. ಕಳ್ಳನಾರು ಎಂದು ಅದು ಹೇಳಿಲ್ಲ. ಸಾಕ್ಷಿ ಹೇಳಿದವನನ್ನೇ ಹಿಡಿದು ಜೈಲಿಗೆ ಹಾಕಿದ ಹಾಗೆ, ಲೀನ್ ಎಂದ ಸೆನ್ಸಾರನ್ನೇ ಕಿತ್ತೆಸೆಯುವುದು ಯಾವ ನ್ಯಾಯ?

ಕಂಪ್ಯೂಟರು ಎಷ್ಟು ಪೆಟ್ರೋಲು ಹೆಚ್ಚಿಗೆ ಹಾಕಿ ಸರಿದೂಗಿಸುತ್ತಿದೆ ಎಂಬುದನ್ನು ಯಂತ್ರದಲ್ಲಿ ಶೇಕಡಾ ಲೆಕ್ಕದಲ್ಲಿ ನೋಡಬಹುದು. ಇದಕ್ಕೆ 'ಫ್ಯುಯೆಲ್ ಟ್ರಿಮ್' ಎನ್ನುತ್ತಾರೆ. ಶೇ. 10ರ ಒಳಗೆ ಆಚೆ ಈಚೆ ಇದ್ದರೆ ಚಿಂತೆಯಿಲ್ಲ. ಗಾಡಿಯಿಂದ ಗಾಡಿಗೆ ಬೇರೆಯಾದರೂ ಬಹುಮಟ್ಟಿಗೆ ಶೇ. 20, 25 ದಾಟಿದ ಮೇಲೆಯೇ ಲೈಟು ಹತ್ತುವುದು. ಸಿಂದಗಿಯವರ ಗಾಡಿಗೆ ಯಂತ್ರ ಹಚ್ಚಿದೆವು. ನಿಂತಲ್ಲಿ ಓಡುವಾಗ ಶೇ. 24 ಹೆಚ್ಚು. ರೇಸ್ ಕೊಟ್ಟು 2500 ಸುತ್ತಿಗೆ ಏರಿಸಿ ಹಿಡಿದಾಗ ಶೇ. 6. ಅಷ್ಟು ಕಂಡ ಮೇಲೆ ಇಂಜೆಕ್ಟರುಗಳ ಮಾತು ಬಿಟ್ಟೆವು.

ಯಾಕೆಂದರೆ, ಎಲ್ಲೋ ಒಂದು ತೂತಿನಿಂದ ಕಳ್ಳಗಾಳಿ ನುಗ್ಗುತ್ತಿದ್ದರೆ ಅದರ ಪ್ರಮಾಣ ಹೆಚ್ಚುಕಡಿಮೆ ಅಷ್ಟಕ್ಕಷ್ಟೇ. ಇಬ್ಬರಿಗೆ ಅಡಿಗೆ ಮಾಡಿದ ಮನೆಗೆ ಒಬ್ಬ ಅತಿಥಿ ಬಂದರೆ ಅನ್ನ ಸಾಲುವುದಿಲ್ಲ. ಮದುವೆಯ ಪಂಕ್ತಿಯಲ್ಲಿ ಐದು ಜನ ಹೆಚ್ಚು ಕುಳಿತರೂ ಗೊತ್ತಾಗುವುದಿಲ್ಲ. ನಿಂತ ಎಂಜಿನು ಇಬ್ಬರ ಮನೆ, ಓಡುವ ಎಂಜಿನು ಮದುವೆಯ ಮನೆ. ಇದಕ್ಕೆ ತಿರುಗಾಮುರುಗಾ, ನಿಂತಾಗ ಸರಿಯಿದ್ದು, ರೇಸ್ ಕೊಟ್ಟಾಗ ಅಥವಾ ಭಾರ ಎಳೆಯುವಾಗ ಲೀನ್ ಆದರೆ ಆಗ ಪೆಟ್ರೋಲು ಸಾಲುತ್ತಿಲ್ಲವೆಂದು ಅರ್ಥ. ಪಂಪು ಸೋತಿರಬಹುದು, ಫಿಲ್ಟರು ಕಟ್ಟಿರಬಹುದು, ಗಾಳಿ ಅಳೆಯುವ ಮೀಟರಿಗೆ ಧೂಳು ಮೆತ್ತಿ ಕಡಿಮೆ ಲೆಕ್ಕ ಹೇಳುತ್ತಿರಬಹುದು. ಒತ್ತಡ ನೋಡುವ ಗೇಜು ಹಚ್ಚಿದರೆ ಪಂಪಿನ ಸತ್ಯ ತಿಳಿಯುತ್ತದೆ. ಬಹಳ ಗಾಡಿಗಳಲ್ಲಿ 3ರಿಂದ 4 ಬಾರ್ ಇರುತ್ತದೆ, ಆದರೆ ಆ ಗಾಡಿಯ ಪುಸ್ತಕದ ಅಂಕಿಯೇ ಪ್ರಮಾಣ. ನಿಂತಾಗಲೂ ಓಡಿದಾಗಲೂ ಒಂದೇ ಸಮ ಲೀನ್ ಇದ್ದರೂ ಮೊದಲು ಆ ಗೇಜನ್ನೇ ಹಚ್ಚಬೇಕು.

ಇಲ್ಲಿ ತರುಣ ಮಿಸ್ತ್ರಿಗಳು ಮೋಸ ಹೋಗುವ ಒಂದು ಸ್ಥಳವಿದೆ. ಈ ಲೆಕ್ಕ ಸರಿಹೋಗುವುದು ಬಾಗಿಲಲ್ಲೇ ಗಾಳಿ ಅಳೆಯುವ ಮೀಟರುಳ್ಳ ಗಾಡಿಗಳಿಗೆ. ಸಿಂದಗಿಯವರದು ಅಂಥದು. ನಮ್ಮ ದೇಶದ ಎಷ್ಟೋ ಕಾರುಗಳಲ್ಲಿ ಆ ಮೀಟರೇ ಇಲ್ಲ. ಮ್ಯಾನಿಫೋಲ್ಡಿನ ಒಳಗಿನ ಒತ್ತಡ ನೋಡಿ ಗಾಳಿ ಇಷ್ಟಿರಬೇಕೆಂದು ಊಹಿಸುತ್ತವೆ. ಅವುಗಳಲ್ಲಿ ಕಳ್ಳಗಾಳಿ ಬಂದರೂ ಲೆಕ್ಕಕ್ಕೆ ಸೇರಿಬಿಡುತ್ತದೆ, ಕಂಪ್ಯೂಟರು ಅದಕ್ಕೂ ಪೆಟ್ರೋಲು ಹಾಕುತ್ತದೆ. ಲೀನ್ ಲೈಟು ಹತ್ತದೆ ಗಾಡಿಯ ಸ್ಲೋ ಏರಿ ನಿಲ್ಲುತ್ತದೆ. ಕೆಲಸಕ್ಕೆ ಕೈ ಹಾಕುವ ಮುಂಚೆ ಗಾಡಿ ಯಾವ ಜಾತಿಯದು ಎಂದು ನೋಡಬೇಕು.

ಕಳ್ಳಗಾಳಿ ಎಂದು ಗೊತ್ತಾಯಿತು, ಎಲ್ಲಿಂದ? ಮ್ಯಾನಿಫೋಲ್ಡಿಗೆ ಸೇರುವ ರಬ್ಬರು ಕೊಳವೆಗಳನ್ನು ಒಂದೊಂದಾಗಿ ಇಕ್ಕಳದಿಂದ, ಬಟ್ಟೆ ಸುತ್ತಿ, ಮೆಲ್ಲಗೆ ಹಿಚುಕುತ್ತ ಬಂದೆವು. ಬ್ರೇಕ್ ಬೂಸ್ಟರಿನದು ಹಿಚುಕಿದೆವು, ಏನೂ ಇಲ್ಲ. ಪೆಟ್ರೋಲಿನ ಆವಿ ಎಳೆಯುವ ಸಣ್ಣ ಕೊಳವೆ, ಏನೂ ಇಲ್ಲ. ಗ್ಯಾಸ್ಕೆಟ್ಟಿನ ಸುತ್ತ ಸ್ಪ್ರೇ ಬಾಟಲಿಯಿಂದ ನೀರಿನ ತುಂತುರು ಬಿಟ್ಟೆವು, ಓಟ ಬದಲಾಗಲಿಲ್ಲ. ಕೆಲವರು ಪೆಟ್ರೋಲನ್ನೋ ಕಾರ್ಬುರೇಟರ್ ಕ್ಲೀನರನ್ನೋ ಹೊಡೆಯುತ್ತಾರೆ. ಪಕ್ಕದಲ್ಲೇ ಕೆಂಪಗೆ ಕಾದ ನಿಷ್ಕಾಸದ ಕೊಳವೆ ಇರುತ್ತದೆ. ಅದನ್ನು ಮಾಡಬಾರದು, ಮಾಡು ಎಂದು ಮಾಲಕರು ಹೇಳಿದರೂ ಮಾಡಬಾರದು. ಕೊನೆಗೆ ಉಳಿದದ್ದು ಎಂಜಿನಿನ ಹೊಟ್ಟೆಯ ಆವಿಯನ್ನು ಮ್ಯಾನಿಫೋಲ್ಡಿಗೆ ಒಯ್ಯುವ ಕೊಳವೆ. ಅದು ಕೈಗೆ ನಿಲುಕದ ಜಾಗದಲ್ಲಿ, ಮ್ಯಾನಿಫೋಲ್ಡಿನ ಕೆಳಗೆ ಬಗ್ಗಿ ಹೋಗುತ್ತದೆ. ಅದನ್ನು ಹಿಚುಕಿದ ಕೂಡಲೇ ನಡುಕ ನಿಂತಿತು, ಯಂತ್ರದಲ್ಲಿ 24 ಇದ್ದ ಅಂಕಿ ಇಳಿಯತೊಡಗಿತು. ಡ್ರೈವರು ಯಂತ್ರವನ್ನು ನೋಡಲಿಲ್ಲ, ಎಂಜಿನಿನ ಸದ್ದು ಕೇಳಿಯೇ "ಹಾಂ, ಈಗ ನೋಡ್ರಿ, ಇದs ನನ್ನ ಗಾಡಿ" ಎಂದರು.

ನಾನಾ ಪೇಟೆಯಿಂದ ಕೊಳವೆ ತರಿಸಿದೆವು. ಇನ್ನೂರು ಮುನ್ನೂರು ರೂಪಾಯಿಯ ಮಾತು. ಹುಡುಕಲು ಹಿಡಿದದ್ದು ಎರಡೂವರೆ ತಾಸು. ಈಗ ಬಿಲ್ಲು ಹೇಗೆ ಬರೆಯುವುದು?

ಇಲ್ಲಿಗೆ ನಾವು ಬರಬೇಕೆಂದಿದ್ದ ಜಾಗ ಬಂತು. ಗಿರಾಕಿಗೆ ಸಾಮಾನು ಕಣ್ಣಿಗೆ ಕಾಣುತ್ತದೆ, ಹುಡುಕಿದ್ದು ಕಾಣುವುದಿಲ್ಲ. ಸಾವಿರಾರು ರೂಪಾಯಿಯ ಸೆನ್ಸಾರಿಗೆ ಅವನು ಗೊಣಗುತ್ತಲಾದರೂ ಕೊಡುತ್ತಾನೆ. ಮುನ್ನೂರರ ಕೊಳವೆಗೆ ಎಂಟುನೂರು ಮಜೂರಿ ಎಂದರೆ ಹುಬ್ಬೇರಿಸುತ್ತಾನೆ. ಇದು ಗೊತ್ತಿರುವ ಮಾಲಕರು ಹುಡುಕುವ ಗೋಜಿಗೇ ಹೋಗದೆ ಸಾಮಾನು ಮಾರುತ್ತಾರೆ. ಸಾಮಾನು ತಪ್ಪಾದರೆ ಹುಡುಗನ ಸಂಬಳ ಇದ್ದೇ ಇದೆ. ಹೀಗೆ ಹುಡುಕುವ ವಿದ್ಯೆ ಕಲಿಯಲು ಹುಡುಗರಿಗೆ ಹೊತ್ತೂ ಇಲ್ಲ, ಕಲಿತವನಿಗೆ ಕೂಲಿಯೂ ಇಲ್ಲ. ನಮ್ಮ ವಿನಂತಿ ಎರಡು. ಬಿಲ್ಲಿನಲ್ಲಿ 'ಪರೀಕ್ಷೆಯ ಕೂಲಿ' ಎಂದು ಬೇರೆ ಸಾಲು ಬರೆಯಲಿ, ಗಾಡಿ ಒಳಗೆ ಬರುವಾಗಲೇ ಗಿರಾಕಿಗೆ ಅದನ್ನು ಹೇಳಲಿ. ಮತ್ತು ಮೇಲಿನವರ ಮಾತಿನಂತೆ ಹಾಕಿದ ಸಾಮಾನಿನ ಬೆಲೆಯನ್ನು ಹೆಲ್ಪರಿನ ಸಂಬಳದಲ್ಲಿ ಹಿಡಿಯುವುದು ನಿಲ್ಲಲಿ. ಈ ಎರಡನ್ನು ಸಂಘವು ಠರಾವಾಗಿ ಬರೆದು ಗ್ಯಾರೇಜ್ ಮಾಲಕರ ಮುಂದೆ ಇಡಬೇಕೆಂದು ಅಧ್ಯಕ್ಷರಲ್ಲಿ ಅರಿಕೆ ಮಾಡುತ್ತೇವೆ. ನಾವೂ ಈಗ ಒಂದು ಸಣ್ಣ ಗ್ಯಾರೇಜಿನ ಮಾಲಕರೇ ಆಗಿರುವುದರಿಂದ ಮೊದಲ ರುಜು ನಮ್ಮದೇ ಇರಲಿ.

ಮುಗಿಸುವ ಮುಂಚೆ ಪೆಟ್ರೋಲಿನ ವಿಷಯ. ಸಭೆಗೆ ಬರುವಾಗ ಮೆಟ್ಟಿಲ ಮೇಲೆಯೇ ಇಬ್ಬರು ಕೇಳಿದರು. 2023ರಿಂದ ಬಂಕುಗಳಲ್ಲಿ ಬರತೊಡಗಿದ ನೂರಕ್ಕೆ ಇಪ್ಪತ್ತು ಎಥೆನಾಲು ಬೆರೆಸಿದ ಪೆಟ್ರೋಲು 2025ರ ಹೊತ್ತಿಗೆ ದೇಶದಲ್ಲೆಲ್ಲ ಹರಡಿತು. ಎಥೆನಾಲಿನಲ್ಲಿ ಆಕ್ಸಿಜನ್ ಮೊದಲೇ ಇದೆ, ಅದರ 1 ಕಿಲೋಗೆ 9 ಕಿಲೋ ಗಾಳಿ ಸಾಕು. ಇಪ್ಪತ್ತರ ಮಿಶ್ರಣಕ್ಕೆ ಬೇಕಾದ್ದು 13.5ರ ಸುಮಾರು. ಅಂದರೆ ಬರಿಯ ಪೆಟ್ರೋಲಿಗೆಂದು ಜೆಟ್ಟು ಹಾಕಿದ ಹಳೆಯ ಪದ್ಮಿನಿ ಯಾವ ದೋಷವೂ ಇಲ್ಲದೆ ನೂರಕ್ಕೆ ಎಂಟರಷ್ಟು ಲೀನ್ ಓಡುತ್ತದೆ. ಅದಕ್ಕೆ ಸ್ವಲ್ಪ ದೊಡ್ಡ ಜೆಟ್ಟು ಬೇಕು. ಸೆನ್ಸಾರುಳ್ಳ ಗಾಡಿ ತಾನೇ ಸರಿಮಾಡಿಕೊಳ್ಳುತ್ತದೆ. ಆದರೆ ಟ್ರಿಮ್ಮಿನಲ್ಲಿ ಆ ನಾಲ್ಕಾರು ಅಂಕಿ ಏರಿ ಕಾಣುತ್ತದೆ, ಅದನ್ನು ರೋಗವೆಂದು ತಿಳಿಯಬಾರದು. ಇನ್ನು ಇಂಥ ಪೆಟ್ರೋಲಿಗೆಂದು ಮಾಡದ ಹಳೆಯ ಗಾಡಿಗಳಲ್ಲಿ ರಬ್ಬರು ಕೊಳವೆ, ವಾಷರುಗಳನ್ನು ಆಗಾಗ ಮುಟ್ಟಿ ನೋಡುತ್ತಿರಬೇಕು. ಎಥೆನಾಲು ಟ್ಯಾಂಕಿನ ತಳದ ಕೊಳೆಯನ್ನೂ ಎಬ್ಬಿಸುತ್ತದೆ, ಆಗ ಫಿಲ್ಟರು ಬೇಗ ಕಟ್ಟುತ್ತದೆ.

ಸಿಂದಗಿಯವರ ಗಾಡಿಯಿಂದ ತೆಗೆದ ಕೊಳವೆ ಈ ಮೇಜಿನ ಮೇಲಿದೆ. ನೆಟ್ಟಗೆ ಹಿಡಿದರೆ ಹೊಸದರಂತೆ ಕಾಣುತ್ತದೆ; ಬಗ್ಗಿಸಿದರೆ ಒಳಮೈಯಲ್ಲಿ ಉಗುರು ಹಿಡಿಯುವಷ್ಟು ಸೀಳು ಬಾಯಿಬಿಡುತ್ತದೆ. ಹಿಂದಿನ ಸಾಲಿನವರೆಗೂ ಕೈಯಿಂದ ಕೈಗೆ ದಾಟಿಸಿರಿ. ಗ್ಯಾರೇಜಿನ ಹುಡುಗರು ಬಗ್ಗಿಸಿ ನೋಡಲಿ. ನೋಡಿದ ಮೇಲೆ ಹಿಂದಕ್ಕೆ ಕೊಡಿರಿ, ಮುಂದಿನ ಸಭೆಗೂ ಬೇಕು.